ಒಂದು ಗಿಲಕಿ, ಒಂಬತ್ತು ಬಣ್ಣ, ಒಂದು ಲ್ಯಾಬ್ ಬಿಲ್

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಹೆಸರು ಕೇಳಿದ್ರೆ ಸ್ವಲ್ಪ ಡ್ರೈ ಅನ್ಸುತ್ತೆ: ಪ್ರಾಡಕ್ಟ್ ಸ್ಟ್ಯಾಂಡರ್ಡ್ಸ್ ಮತ್ತು ಸರ್ಟಿಫಿಕೇಶನ್. ಸ್ಕಿಪ್ ಮಾಡ್ಬೇಡಿ. ಕಥೆ ಶುರುವಾಗೋದು ಒಂದು ಗಿಲಕಿಯಿಂದ.

ನನ್ನ ಬಿಕಾಂ ಕ್ಲಾಸ್‌ಮೇಟ್ ಒಬ್ಬನ ಮನೆಯವರದ್ದು ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ. ನಾಲ್ಕು ಲೇತ್, ಎಂಟು ಜನ. ಆಲೆ ಮರ ಕಡೆದು, ತಿರುಗ್ತಾ ಇರೋ ಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆ ಗರಿಯಲ್ಲಿ ಉಜ್ಜಿ ಹೊಳಪು ತರೋ ಹಳೇ ವಿಧಾನ. ಇವನ ಇನ್‌ಸ್ಟಾಗ್ರಾಮ್ ನೋಡಿ ಜರ್ಮನಿಯ ಒಂದು ಚಿಕ್ಕ ಅಂಗಡಿಯವರು ಮೆಸೇಜ್ ಮಾಡಿದ್ರು: ಐನೂರು ಗಿಲಕಿ ಬೇಕು. ರೇಟ್ ಕುದುರಿತು. ಮನೇಲಿ ಸ್ವೀಟ್ ಕೂಡ ಹಂಚಿದ್ರು. ಆಮೇಲೆ ಒಂದು ಸಾಲಿನ ಮೇಲ್ ಬಂತು. ಇಎನ್ 71 ರಿಪೋರ್ಟ್ ಕಳಿಸಿ ಅಂತ.

ಇವನು ಜಿಐ ಕಾಗದ ಕಳಿಸಿದ. ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್ ಇದೆ, ಹೆಮ್ಮೆಯ ವಿಷಯ. ಆ ಕಡೆಯಿಂದ ಉತ್ತರ ಬಂದದ್ದು ತುಂಬಾ ಮರ್ಯಾದೆಯಿಂದಲೇ: ಇದು ಎಲ್ಲಿ ತಯಾರಾಯ್ತು ಅಂತ ಹೇಳುತ್ತೆ, ಮಗು ಬಾಯಿಗಿಟ್ರೆ ಏನೂ ಆಗಲ್ಲ ಅಂತ ಹೇಳಲ್ಲ.

ಸರಿ, ಲ್ಯಾಬ್‌ಗೆ ಫೋನ್ ಮಾಡಿದ. ಇವನ ಗಿಲಕಿಗಳಲ್ಲಿ ಒಟ್ಟು ಒಂಬತ್ತು ಬಣ್ಣ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಟೆಸ್ಟ್. ಕೊಟೇಶನ್ ನೋಡಿದ್ರೆ, ಆ ಆರ್ಡರ್‌ನಿಂದ ಬರೋ ಲಾಭಕ್ಕಿಂತ ಬಿಲ್ಲೇ ಜಾಸ್ತಿ. ಆರ್ಡರ್ ಹೋಯ್ತು. ಅವತ್ತು ರಾತ್ರಿ ಕಾಲ್ ಮಾಡಿ ಕೇಳಿದ: "ಮಗಾ, ನಾವಿಬ್ರೂ ಮೂರು ವರ್ಷ ಬಿಕಾಂ ಓದಿದ್ವಲ್ಲ, ಇದನ್ನ ಯಾಕೆ ಯಾರೂ ಹೇಳ್ಕೊಡ್ಲಿಲ್ಲ?"

ನಿಜ ಹೇಳ್ಬೇಕಂದ್ರೆ ಹೇಳ್ಕೊಟ್ಟಿದ್ರು. ಎರಡನೇ ಸೆಮಿಸ್ಟರ್‌ನ ಕಾಸ್ಟಿಂಗ್‌ನಲ್ಲಿ. ಫಿಕ್ಸೆಡ್ ಕಾಸ್ಟ್ ಅಂತ ಹೆಸರು.

ನಿಮ್ಮ ಫೋನ್ ಚಾರ್ಜರ್ ತಿರುಗಿಸಿ ನೋಡಿ. ಇರುವೆ ಸಾಲಿನ ಥರ ಗುರುತುಗಳಿರುತ್ತೆ. ನಮ್ಮ ಬಿಐಎಸ್‌ನ ನೋಂದಣಿ ನಂಬರ್, ಯುರೋಪಿನ ಸಿಇ, ಹೀಗೆ. ಪ್ರತಿ ಗುರುತಿನ ಹಿಂದೆ ಖರ್ಚಿದೆ. ಆದ್ರೆ ಅದೇ ಡಿಸೈನ್ ಲಕ್ಷಗಟ್ಟಲೆ ಮಾರಾಟ ಆಗುತ್ತೆ, ಹಾಗಾಗಿ ಒಂದು ಚಾರ್ಜರ್ ತಲೆಗೆ ಬೀಳೋದು ಪೈಸೆ ಲೆಕ್ಕ. ಲ್ಯಾಬ್‌ನೋರು ನೀವು ಐನೂರು ಪೀಸ್ ಮಾಡ್ತೀರೋ ಐದು ಲಕ್ಷ ಮಾಡ್ತೀರೋ ಅಂತ ನೋಡಿ ಬಿಲ್ ಹಾಕಲ್ಲ. ದೊಡ್ಡ ಕಂಪನಿಗೆ ಸರ್ಟಿಫಿಕೇಟ್ ಒಂದು ಬೇಲಿ, ಚಿಕ್ಕೋರಿಗೆ ಅದೇ ಗೋಡೆ.

ಇದಕ್ಕೆ ಗೊಂಬೆ ಲೋಕದಲ್ಲೇ ಒಂದು ಉದಾಹರಣೆ ಇದೆ. 2007ರಲ್ಲಿ ಬಾರ್ಬಿ ಮಾಡೋ ಮ್ಯಾಟೆಲ್ ಕಂಪನಿ, ಚೀನಾದಲ್ಲಿ ತಯಾರಾದ ತನ್ನ ಆಟಿಕೆಗಳ ಪೇಂಟ್‌ನಲ್ಲಿ ಸೀಸ ಇದೆ ಅಂತ ಗೊತ್ತಾಗಿ ಲಕ್ಷಾಂತರ ಆಟಿಕೆ ವಾಪಸ್ ತಗೊಂಡಿತು. ಅಮೆರಿಕದಲ್ಲಿ ಗಲಾಟೆ ಆಯ್ತು. 2008ರಲ್ಲಿ ಹೊಸ ಕಾನೂನು ಬಂತು: ಮಕ್ಕಳ ವಸ್ತುಗಳನ್ನ ಹೊರಗಿನ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಲೇಬೇಕು. ಆದ್ರೆ ಅದೇ ಕಾನೂನಿನಲ್ಲಿ, ಕಠಿಣ ಷರತ್ತುಗಳ ಮೇಲೆ ಕಂಪನಿಯ ಸ್ವಂತ ಲ್ಯಾಬ್‌ಗೂ ಮಾನ್ಯತೆ ಸಿಗೋ ದಾರಿ ಇತ್ತು. 2009ರಲ್ಲಿ ಮ್ಯಾಟೆಲ್‌ನ ಸ್ವಂತ ಲ್ಯಾಬ್‌ಗಳಿಗೆ ಆ ಮಾನ್ಯತೆ ಸಿಕ್ಕಿತು! ಮನೆ ಶೆಡ್‌ನಲ್ಲಿ ಮರದ ಕಾರು ಮಾಡ್ತಿದ್ದೋರು ಮಾತ್ರ ಹೊರಗಿನ ಲ್ಯಾಬ್‌ಗೆ ದುಡ್ಡು ಕಟ್ಟಬೇಕು. ಅವರು ಸುಮ್ಮನಿರಲಿಲ್ಲ. ಸಂಘಟನೆ ಕಟ್ಟಿ ಜಗಳ ಆಡಿದ್ರು. 2011ರಲ್ಲಿ ತಿದ್ದುಪಡಿ ಬಂತು, ಚಿಕ್ಕ ಪ್ರಮಾಣದಲ್ಲಿ ಮಾಡೋರಿಗೆ ಕೆಲವು ಟೆಸ್ಟ್‌ಗಳಿಂದ ವಿನಾಯಿತಿ ಸಿಕ್ಕಿತು. ಸೀಸದ ಪೇಂಟ್ ಟೆಸ್ಟ್‌ನಿಂದ ಅಲ್ಲ ಅನ್ನೋದು ನೆನಪಿರಲಿ, ಅದು ಎಲ್ರಿಗೂ ಕಡ್ಡಾಯ.

ನಮ್ಮಲ್ಲೂ 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ ಆಯ್ತು. ಕೇಂದ್ರದಲ್ಲಿ ನೋಂದಾಯಿಸಿಕೊಂಡ ಕರಕುಶಲಕರ್ಮಿಗಳಿಗೆ ಮತ್ತು ಜಿಐ ಉತ್ಪನ್ನದ ಅಧಿಕೃತ ಬಳಕೆದಾರರಿಗೆ ಮಾತ್ರ ವಿನಾಯಿತಿ. ಒಳ್ಳೇದೇ. ಇಲ್ಲದಿದ್ರೆ ಎಷ್ಟೋ ಲೇತ್ ನಿಂತೇಹೋಗ್ತಿತ್ತು. ಆದ್ರೆ ನನ್ನ ಫ್ರೆಂಡ್ ಎಡವಿದ್ದೂ ಇಲ್ಲೇ. ಊರಲ್ಲಿ ಸಿಕ್ಕ ವಿನಾಯಿತಿ ಹ್ಯಾಂಬರ್ಗ್ ಬಂದರಿನಲ್ಲಿ ನಡೆಯಲ್ಲ.

ಹಾಗಾದ್ರೆ ಬುದ್ಧಿವಂತ ತಯಾರಕರು ಏನ್ ಮಾಡ್ತಾರೆ? ಮೂರು ವಿಷಯ ಹೇಳ್ತೀನಿ.

ಒಂದು, ಅವರು ಡಿಸೈನ್ ಮಾಡೋಕೆ ಮುಂಚೆನೇ ಯಾವ ಮಾರ್ಕೆಟ್ ಅಂತ ತೀರ್ಮಾನ ಮಾಡ್ತಾರೆ. ಯಾಕಂದ್ರೆ ಒಂದೇ ಸೀಸವನ್ನ ಮೂರು ಕಡೆ ಮೂರು ಥರ ಅಳೀತಾರೆ. ಅಮೆರಿಕದಲ್ಲಿ ಪೇಂಟ್ ಒಳಗೆ ಒಟ್ಟು ಎಷ್ಟು ಸೀಸ ಇದೆ ಅಂತ ನೋಡ್ತಾರೆ, ಮಿತಿ 90 ಪಿಪಿಎಂ. ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 8124, ಅದನ್ನೇ ಆಧರಿಸಿದ ನಮ್ಮ ಐಎಸ್ 9873, ಇವು ಮಗುವಿನ ಹೊಟ್ಟೆಯಂಥ ಆಮ್ಲದಲ್ಲಿ ಎಷ್ಟು ಸೀಸ ಬಿಟ್ಕೊಳ್ಳುತ್ತೆ ಅಂತ ನೋಡ್ತವೆ. ಮಿತಿ ಒಂದು ಕಿಲೋಗೆ 90 ಮಿಲಿಗ್ರಾಂ. ಯುರೋಪ್ ಕೂಡ ಬಿಟ್ಕೊಳ್ಳೋದನ್ನೇ ನೋಡುತ್ತೆ, ಆದ್ರೆ ಕೆರೆದು ತೆಗೆಯೋ ಬಣ್ಣಕ್ಕೆ ಮಿತಿ 23 ಮಾತ್ರ. ಅಂದ್ರೆ ಇಲ್ಲಿ ಪಾಸಾದ ಬಣ್ಣ ಅಲ್ಲಿ ಫೇಲ್ ಆಗಬಹುದು. ಎಲ್ಲಕ್ಕಿಂತ ಕಠಿಣವಾದ ಲೆಕ್ಕ ಹಿಡಿದು ಬಣ್ಣ ಆರಿಸಿದ್ರೆ ಆಮೇಲೆ ತಲೆನೋವಿಲ್ಲ.

ಎರಡು, ಟೆಸ್ಟ್ ಆಗಬೇಕಾದ ಸಾಮಾನು ಕಡಿಮೆ ಮಾಡ್ತಾರೆ. ಹತ್ತು ಆಟಿಕೆ ಇದ್ರೂ ಬಣ್ಣ ನಾಲ್ಕೇ, ಮರ ಒಂದೇ. ಅದೇ ನಾಲ್ಕು ಬಣ್ಣದ ರಿಪೋರ್ಟ್ ಹತ್ತೂ ಆಟಿಕೆಯ ಫೈಲ್‌ನಲ್ಲಿ ಕೆಲಸಕ್ಕೆ ಬರುತ್ತೆ. ಆಕಾರದ್ದೂ ಇದೇ ಕಥೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಬಿಚ್ಚಿಬರೋ ಯಾವ ಚೂರೂ 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಸಿಲಿಂಡರ್ ಒಳಗೆ ಪೂರ್ತಿ ಹಿಡಿಸಬಾರದು. ಹಿಡಿಸಿದ್ರೆ ಮಗುವಿನ ಗಂಟಲಿಗೂ ಹಿಡಿಸುತ್ತೆ ಅಂತ ಅರ್ಥ. ಇದನ್ನ ಲೇತ್ ಮೇಲೆ ಕಡೆಯೋವಾಗಲೇ ನೋಡ್ಕೊಂಡ್ರೆ ಖರ್ಚಿಲ್ಲ, ಐನೂರು ಪೀಸ್ ಆದ್ಮೇಲೆ ನೋಡಿದ್ರೆ ಅಷ್ಟೂ ಸೌದೆ. "ಮೂರು ವರ್ಷದೊಳಗಿನವರಿಗಲ್ಲ" ಅಂತ ಸ್ಟಿಕರ್ ಅಂಟಿಸಿ ತಪ್ಪಿಸ್ಕೊಳ್ಳೋಣ ಅಂದ್ರೆ ಅದೂ ಆಗಲ್ಲ. ಗಿಲಕಿ ಆಡೋದು ಕೈಗೂಸು ಅಂತ ಎಲ್ರಿಗೂ ಗೊತ್ತು.

ಮೂರು, ಯಾವ ಬಾಗಿಲು ಯಾರು ತೆಗೀತಾರೆ ಅಂತ ತಿಳ್ಕೊಂಡಿರ್ತಾರೆ. ಐಎಸ್‌ಐಗೆ ಬಿಐಎಸ್ ಲೈಸೆನ್ಸ್ ಬೇಕು. ಅಮೆರಿಕಕ್ಕೆ ಅವರು ಒಪ್ಪಿದ ಲ್ಯಾಬ್ ರಿಪೋರ್ಟ್ ಬೇಕು. ಆದ್ರೆ ಯುರೋಪಿನ ಸಿಇ ಮಾರ್ಕ್? ಸಂಬಂಧಪಟ್ಟ ಸ್ಟ್ಯಾಂಡರ್ಡ್‌ಗಳನ್ನ ಪೂರ್ತಿ ಪಾಲಿಸಿದ್ರೆ, ಆಟಿಕೆಗೆ ತಯಾರಕನೇ ಘೋಷಣೆ ಮಾಡಿ ಹಾಕ್ಕೊಳ್ಳಬಹುದು. ಸುಲಭ ಅನ್ಸುತ್ತಲ್ವಾ? ಹೊಣೆ ಪೂರ್ತಿ ನಿಮ್ಮದೇ. ಡಿಸೈನ್, ಸಾಮಗ್ರಿ, ಟೆಸ್ಟ್ ರಿಪೋರ್ಟ್ ಎಲ್ಲ ಇರೋ ಫೈಲನ್ನ ಹತ್ತು ವರ್ಷ ಜೋಪಾನ ಮಾಡಬೇಕು, ಕೇಳಿದ ದಿನ ತೋರಿಸಬೇಕು.

ನನ್ನ ಫ್ರೆಂಡ್ ಎರಡನೇ ಸಲ ಹೀಗೇ ಹೋದ. ಬಣ್ಣ ಒಂಬತ್ತರಿಂದ ನಾಲ್ಕಕ್ಕೆ ಇಳಿಸಿದ. ಅವರಪ್ಪ ಎರಡು ದಿನ ಮಾತಾಡಲಿಲ್ಲ. ಬಣ್ಣ ಕಮ್ಮಿ ಮಾಡಿದ್ರೆ ಚನ್ನಪಟ್ಟಣದ ಗೊಂಬೆ ಅಂತ ಯಾರು ಗುರುತಿಸ್ತಾರೆ ಅಂತ ಬೇಜಾರು. ರಿಪೋರ್ಟ್ ಬಂತು: ಮೂರು ಪಾಸ್, ಒಂದು ಫೇಲ್. ಫೇಲ್ ಆಗಿದ್ದು ಹಳದಿ, ಅರಿಶಿನದ ಹಳದಿ! ಲ್ಯಾಬ್‌ನಲ್ಲಿ ಸಿಕ್ಕಿದ್ದು ಸೀಸ.

ಮನೆಯವರು ನಂಬಲೇ ಇಲ್ಲ. ನ್ಯಾಚುರಲ್ ಬಣ್ಣ ಹೇಗೆ ಫೇಲ್ ಆಗುತ್ತೆ? ಪೇಟೆಯ ಲೂಸ್ ಅರಿಶಿನ ಪುಡಿ ತಂದಿದ್ರು. ಅರಿಶಿನಕ್ಕೆ ಹೊಳಪು ಬರಲಿ ಅಂತ ಲೆಡ್ ಕ್ರೋಮೇಟ್ ಬೆರೆಸೋ ಕಲಬೆರಕೆ ನಮ್ಮ ಉಪಖಂಡದಲ್ಲಿ ಸಿಕ್ಕಿಬಿದ್ದಿರೋದೇ. ಅವರಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: "ಇದೇ ಪುಡಿ ಸಾರಿಗೂ ಹಾಕ್ತಿದ್ವಲ್ಲೋ?" ಈಗ ಚಾಮರಾಜನಗರದ ಕಡೆ ಬೆಳೆಯೋರ ಹತ್ರಾನೇ ಪಾಲಿಶ್ ಮಾಡದ ಕೊಂಬು ತಂದು ಮನೇಲೇ ಪುಡಿ ಮಾಡ್ಕೊಳ್ತಾರೆ. ಗೊಂಬೆಗೂ, ಅಡುಗೆಗೂ. ಮರು ಟೆಸ್ಟ್‌ನಲ್ಲಿ ಹಳದಿ ಪಾಸ್.

ಆ ಜರ್ಮನಿ ಅಂಗಡಿಯವರು ಅಷ್ಟರಲ್ಲಿ ಬೇರೆ ಕಡೆ ತಗೊಂಡಿದ್ರು. ಈಗ ಇವನ ಹತ್ರ ಇರೋದು ಬೇರೊಬ್ಬರ ಇನ್ನೂರು ಪೀಸ್‌ನ ಆರ್ಡರ್. ಲ್ಯಾಬ್ ಬಿಲ್ ಇನ್ನೂ ಪೂರ್ತಿ ವಸೂಲಾಗಿಲ್ಲ. ಆದ್ರೆ ರಿಪೋರ್ಟ್ ಕೈಲಿದೆ, ಅದೇ ನಾಲ್ಕು ಬಣ್ಣದಲ್ಲಿ ಐದು ಹೊಸ ಆಟಿಕೆ ರೆಡಿ ಆಗ್ತಿದೆ.

ನನಗನ್ಸೋದು ಇಷ್ಟು. ಒಬ್ಬೊಬ್ಬರೇ ಕಟ್ಟೋ ಬಿಲ್ ಇದು ಆಗಬಾರದು. ಒಂದೇ ಬೀದಿಯ ಇಪ್ಪತ್ತು ಮನೆ ಸೇರಿ ನಾಲ್ಕು ಬಣ್ಣ ಒಂದೇ ಕಡೆ ತಯಾರಿಸಿ, ಒಂದೇ ಸಲ ಟೆಸ್ಟ್ ಮಾಡಿಸಿದ್ರೆ, ಗೋಡೆ ಇಪ್ಪತ್ತು ಪಾಲು ಗಿಡ್ಡ ಆಗುತ್ತೆ. ನಿಮ್ಮ ಮನೇಲಿ, ಪರಿಚಯದಲ್ಲಿ ಯಾರಾದ್ರೂ ಏನಾದ್ರೂ ತಯಾರಿಸಿ ಹೊರದೇಶಕ್ಕೆ ಕಳಿಸೋ ಕನಸು ಇಟ್ಕೊಂಡಿದ್ರೆ ಈ ಎಪಿಸೋಡ್ ಕಳಿಸಿ. ಸ್ವೀಟ್ ಹಂಚೋಕೆ ಮುಂಚೆ ಕೇಳ್ಲಿ.

ಮುಂದಿನ ವಾರ ಸಿಗೋಣ. ನಮಸ್ಕಾರ.