ಅಮಾನತ್ತಿನ ಕೀಲಿಕೈ ಯಾರ ಬಳಿ ಇದೆ?

(ಮಸೀದಿ ಆಡಳಿತ ಸಮಿತಿಗಳು ಮತ್ತು ಶಿಕ್ಷಣ ಸಂಸ್ಥೆಗಳ ಪದಾಧಿಕಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2025ರ ಅಕ್ಟೋಬರ್ 28ರಂದು ಡ್ರಾಪ್‌ಬಾಕ್ಸ್ ಎಂಬ ಅಮೆರಿಕದ ಕಂಪೆನಿಯು ತನ್ನ ಪಾಸ್‌ವರ್ಡ್ ಸಂಗ್ರಹದ ಸೇವೆಯನ್ನು ಮುಚ್ಚಿತು. ಆ ದಿನದೊಳಗೆ ತಮ್ಮ ಪಾಸ್‌ವರ್ಡ್‌ಗಳನ್ನು ಹೊರತೆಗೆದುಕೊಳ್ಳದವರ ಮಾಹಿತಿಯನ್ನು ಶಾಶ್ವತವಾಗಿ ಅಳಿಸಲಾಗುವುದೆಂದು ಅದು ಮೊದಲೇ ತಿಳಿಸಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಜನರು ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳು ಇನ್ನು ಅಲ್ಲಿ ಸಿಗದಂತೆ ಮಾಡಿತು. 2024ರ ಜುಲೈಯಲ್ಲಿ ಗೂಗಲ್‌ನ ಕ್ರೋಮ್‌ನಲ್ಲಿ ಒಂದು ದೋಷ ಕಾಣಿಸಿಕೊಂಡು, ಲಕ್ಷಾಂತರ ಬಳಕೆದಾರರು ಸುಮಾರು 18 ಗಂಟೆಗಳ ಕಾಲ ತಮ್ಮ ಪಾಸ್‌ವರ್ಡ್‌ಗಳನ್ನು ಕಾಣದೆ ಪರದಾಡಿದರು. ಈ ಮೂರು ಘಟನೆಗಳಲ್ಲಿ ಕಳ್ಳರ ಕೈವಾಡವಿರಲಿಲ್ಲ. ಬೀಗ, ಬಾಗಿಲು ಎಲ್ಲವೂ ಸುಭದ್ರವಾಗಿದ್ದವು. ಮನೆಯ ಮಾಲಕ ಮಾತ್ರ ಹೊರಗೆ ನಿಂತಿದ್ದ.

ಪಾಸ್‌ವರ್ಡ್ ಮ್ಯಾನೇಜರ್ ಎಂದರೆ ನಮ್ಮ ಎಲ್ಲ ಖಾತೆಗಳ ಗುಪ್ತಪದಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಅದಕ್ಕೊಂದು ಮುಖ್ಯ ಕೀಲಿಯನ್ನು ಕೊಡುವ ತಂತ್ರಾಂಶ. ಅದನ್ನು ಬಳಸಬೇಡಿರೆಂದು ನಾನು ಹೇಳುತ್ತಿಲ್ಲ. ಮಸೀದಿಯ ಹೆಸರಿನ ಮುಂದೆ 786 ಸೇರಿಸಿ ಅದನ್ನೇ ಹತ್ತು ಕಡೆ ಬಳಸುವ ನಮ್ಮ ಅಭ್ಯಾಸಕ್ಕಿಂತ ಅದು ಸಾವಿರ ಪಾಲು ಮೇಲು. (ಸಭೆಯಲ್ಲಿ ಕೆಲವರು ನಗುತ್ತಿದ್ದೀರಿ. ನಕ್ಕವರು ಇಂದು ರಾತ್ರಿಯೇ ಬದಲಾಯಿಸಿಕೊಳ್ಳಿ.) ಉತ್ತಮ ಸೇವೆಗಳಲ್ಲಿ ಮುಖ್ಯ ಕೀಲಿಯು ಕಂಪೆನಿಗೂ ತಿಳಿದಿರುವುದಿಲ್ಲ. ಅದೇ ಅದರ ಹಿರಿಮೆ, ಅದೇ ಅದರ ಅಪಾಯ ಕೂಡ. ಕೀಲಿಯನ್ನು ಮರೆತವನಿಗೆ ಬಾಗಿಲು ತೆರೆದುಕೊಡಲು ಕಂಪೆನಿಯ ಬಳಿ ಏನೂ ಇರುವುದಿಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಕಂಪೆನಿಯ ಸಂಗ್ರಹದಿಂದ ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳನ್ನೇ ಕಳ್ಳರು ಒಯ್ದರು. ಒಳಗಿನ ಗುಪ್ತಪದಗಳು ಗೂಢಲಿಪಿಯಲ್ಲಿದ್ದವು, ಜಾಲತಾಣಗಳ ವಿಳಾಸಗಳು ಮಾತ್ರ ತೆರೆದೇ ಇದ್ದವು. ದುರ್ಬಲವಾದ ಮುಖ್ಯ ಕೀಲಿ ಇಟ್ಟುಕೊಂಡವರ ಪೆಟ್ಟಿಗೆಯನ್ನು ಕಳ್ಳನು ತನ್ನ ಮನೆಯಲ್ಲೇ ಕುಳಿತು, ಬಿಡುವು ಮಾಡಿಕೊಂಡು, ಊಹಿಸಿ ಊಹಿಸಿ ತೆರೆಯಬಲ್ಲ.

ಇದು ಸಮುದಾಯದ ವಿಷಯ ಹೇಗಾಯಿತು ಎಂದು ನೀವು ಕೇಳಬಹುದು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಳಿಕ ಜೂನ್ 6ರಂದು ಕೇಂದ್ರ ಸರಕಾರವು ಉಮೀದ್ ಪೋರ್ಟಲನ್ನು ತೆರೆದು, ಆರು ತಿಂಗಳೊಳಗೆ ಎಲ್ಲ ವಕ್ಫ್ ಆಸ್ತಿಗಳ ವಿವರಗಳನ್ನು ಅದರಲ್ಲಿ ತುಂಬಬೇಕೆಂದಿತು. ಸಾರ್ವತ್ರಿಕವಾಗಿ ಗಡುವನ್ನು ವಿಸ್ತರಿಸಲು ಡಿಸೆಂಬರ್ 1ರಂದು ಸುಪ್ರೀಮ್ ಕೋರ್ಟ್ ನಿರಾಕರಿಸಿ, ಅಗತ್ಯವಿದ್ದವರು ನ್ಯಾಯಮಂಡಳಿಗೆ ಹೋಗಲಿ ಎಂದಿತು. ಆ ಕಾಯ್ದೆಯ ನ್ಯಾಯಾನ್ಯಾಯದ ಚರ್ಚೆ ಬೇರೆ. ಅದನ್ನು ಈ ಪತ್ರಿಕೆಯ ಪುಟಗಳಲ್ಲಿ ನೀವು ಸಾಕಷ್ಟು ಓದಿದ್ದೀರಿ. ಆದರೆ ತಲೆಮಾರುಗಳ ಹಿಂದೆ ಯಾರೋ ಪುಣ್ಯವಂತರು ಅಲ್ಲಾಹನ ಮಾರ್ಗದಲ್ಲಿ ಬಿಟ್ಟುಕೊಟ್ಟ ಜಮೀನಿನ ದಾಖಲೆಯು ಈಗ ಒಂದು ಮೊಬೈಲ್ ಸಂಖ್ಯೆ, ಒಂದು ಇಮೇಲ್ ವಿಳಾಸ ಮತ್ತು ಅವುಗಳ ಪಾಸ್‌ವರ್ಡ್‌ಗಳ ಹಿಂದೆ ಹೋಗಿ ನಿಂತಿದೆ. ವಿದ್ಯಾರ್ಥಿವೇತನದ ರಾಷ್ಟ್ರೀಯ ಪೋರ್ಟಲ್‌ನಲ್ಲಿಯೂ ಅಷ್ಟೆ. ಶಾಲೆಯ ಲಾಗಿನ್‌ನಿಂದ ದೃಢೀಕರಣವಾಗದಿದ್ದರೆ ಬಡ ಹುಡುಗಿಯ ಅರ್ಜಿ ಮುಂದೆ ಹೋಗುವುದಿಲ್ಲ. ಇವೆಲ್ಲವೂ ನಮ್ಮ ಜಮಾಅತ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬ ಕಾರ್ಯದರ್ಶಿಯ ಜೇಬಿನ ಫೋನಿನಲ್ಲಿರುತ್ತವೆ. ಆತ ಪ್ರಾಮಾಣಿಕ, ಸಂದೇಹವಿಲ್ಲ. ಆದರೆ ಪ್ರಾಮಾಣಿಕರಿಗೂ ಮರಣವಿದೆ; ಫೋನು ನೀರಿಗೆ ಬೀಳುವುದಕ್ಕೆ ಪ್ರಾಮಾಣಿಕತೆ ಅಡ್ಡಿಯಾಗುವುದಿಲ್ಲ.

ನಮ್ಮ ಇತಿಹಾಸವು ಈ ವಿಷಯದಲ್ಲಿ ಮೌನವಾಗಿಲ್ಲ. ಹಝ್ರತ್ ಅಬೂಬಕರ್(ರ)ರ ಖಿಲಾಫತ್‌ನ ಕಾಲದಲ್ಲಿ ಯಮಾಮ ಯುದ್ಧ ನಡೆದು ಕುರ್‌ಆನನ್ನು ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದಾಗ, ಹಝ್ರತ್ ಉಮರ್(ರ) ಕಳವಳಗೊಂಡರು. ಅವರ ಸಲಹೆಯಂತೆ ಹಝ್ರತ್ ಝೈದ್ ಬಿನ್ ಸಾಬಿತ್(ರ) ಚದುರಿಹೋಗಿದ್ದ ಬರಹಗಳನ್ನೂ ಜನರ ಕಂಠಪಾಠವನ್ನೂ ಪರಿಶೀಲಿಸಿ ಒಂದುಗೂಡಿಸಿದರು. ಆ ಸಂಗ್ರಹವು ಅಬೂಬಕರ್(ರ)ರಿಂದ ಉಮರ್(ರ)ರಿಗೆ, ಬಳಿಕ ವಿಶ್ವಾಸಿಗಳ ಮಾತೆ ಹಫ್ಸಾ(ರ)ರ ಸುಪರ್ದಿಗೆ ಬಂತು. ಹಝ್ರತ್ ಉಸ್ಮಾನ್(ರ)ರು ಅದನ್ನೇ ಆಧರಿಸಿ ಪ್ರತಿಗಳನ್ನು ಸಿದ್ಧಪಡಿಸಿ ಬೇರೆಬೇರೆ ಪ್ರಾಂತ್ಯಗಳಿಗೆ ಕಳುಹಿಸಿದರು. ಅಲ್ಲಾಹನೇ ತನ್ನ ಗ್ರಂಥದ ರಕ್ಷಣೆಯ ಹೊಣೆ ಹೊತ್ತಿರುವನೆಂದು ಆ ಸಹಾಬಿಗಳು ತಿಳಿದಿದ್ದರು. ತಿಳಿದೂ ಬರೆದರು, ಪ್ರತಿ ಮಾಡಿದರು, ಯಾರ ಬಳಿ ಇದೆಯೆಂಬುದನ್ನು ಖಚಿತಪಡಿಸಿಕೊಂಡರು. ಆ ಮಹಾಕಾರ್ಯವನ್ನು ಒಂದು ಪೆನ್‌ಡ್ರೈವ್‌ಗೆ ಹೋಲಿಸುವ ಉದ್ಧಟತನ ನನ್ನದಲ್ಲ. ಅವರ ಎಚ್ಚರವನ್ನಷ್ಟೇ ನಾನು ನೆನಪಿಸುತ್ತಿದ್ದೇನೆ.

ಈಗ ಕೆಲಸದ ಮಾತಿಗೆ ಬರೋಣ. ನಮ್ಮವರು ಹೇಳುವ ಮೊದಲ ಮಾತು, “ಫೋನಿನಲ್ಲೂ ಇದೆ, ಕಂಪ್ಯೂಟರಿನಲ್ಲೂ ಇದೆ, ಎರಡು ಕಡೆ ಇದೆಯಲ್ಲ?” ಎಂಬುದು. ಅದು ಎರಡು ಪ್ರತಿಯಲ್ಲ. ಒಂದೇ ಪ್ರತಿಯ ಎರಡು ಕಿಟಕಿಗಳು. ಫೋನಿನಲ್ಲಿ ಅಳಿಸಿದ್ದು ಕ್ಷಣದಲ್ಲಿ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಬ್ಯಾಕಪ್ ಎಂದರೆ ಆ ಸಂಪರ್ಕದಿಂದ ಕತ್ತರಿಸಿ, ನಮ್ಮ ಸ್ವಂತ ಸುಪರ್ದಿಯಲ್ಲಿ ಇಟ್ಟ ಪ್ರತಿ.

ಅದನ್ನು ಹೊರತೆಗೆಯುವಾಗ ಎಲ್ಲರೂ ಎಡವುವ ಜಾಗವೊಂದಿದೆ. ಬಹುತೇಕ ಸೇವೆಗಳು ಸಿಎಸ್‌ವಿ ಎಂಬ ಸಾದಾ ಪಟ್ಟಿಯನ್ನು ಕೊಡುತ್ತವೆ. ಎಕ್ಸೆಲ್‌ನಲ್ಲಿ ಯಾರು ತೆರೆದರೂ ಎಲ್ಲ ಪಾಸ್‌ವರ್ಡ್‌ಗಳನ್ನು ಸಾಲಾಗಿ ಓದಬಹುದು. ಅದನ್ನು ವಾಟ್ಸಾಪ್‌ನಲ್ಲಿ ಖಜಾಂಚಿಗೆ ಕಳುಹಿಸುವುದೆಂದರೆ ತಿಜೋರಿಯನ್ನು ರಸ್ತೆಯಲ್ಲಿಟ್ಟಂತೆ. ಆದ್ದರಿಂದ ಗೂಢಲಿಪಿಯ ಪ್ರತಿಯನ್ನೇ ತೆಗೆಯಬೇಕು. ಅದರಲ್ಲಿಯೂ ನೋಡಿಕೊಳ್ಳಬೇಕಾದುದಿದೆ. ಉದಾಹರಣೆಗೆ ಬಿಟ್‌ವಾರ್ಡನ್‌ನಲ್ಲಿ ಎರಡು ಬಗೆಯ ಗೂಢಲಿಪಿಯ ಪ್ರತಿಗಳಿವೆ. ಒಂದನ್ನು ಆ ಖಾತೆಗೆ ಮಾತ್ರ ಮರಳಿ ಸೇರಿಸಬಹುದು. ಖಾತೆಯೇ ಕೈತಪ್ಪಿದರೆ ಆ ಫೈಲು ನಿರುಪಯುಕ್ತ. ಇನ್ನೊಂದಕ್ಕೆ ನಾವೇ ಒಂದು ಪ್ರತ್ಯೇಕ ಪಾಸ್‌ವರ್ಡ್ ಕೊಡುತ್ತೇವೆ. ನಮಗೆ ಬೇಕಾದುದು ಈ ಎರಡನೆಯದು. ಕಂಪೆನಿಗಳ ಗೊಡವೆಯೇ ಬೇಡವೆನ್ನುವವರಿಗೆ 2003ರಿಂದ ಕೀಪಾಸ್ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಅದರಲ್ಲಿ ಪೆಟ್ಟಿಗೆಯೇ ನಮ್ಮ ಕಂಪ್ಯೂಟರಿನ ಒಂದು ಫೈಲು. ತೆರೆಯಲು ಇಂಟರ್ನೆಟ್ ಬೇಡ. ಆದರೆ ಆ ಫೈಲಿನ ಪ್ರತಿ ಮಾಡುವ ಹೊಣೆ ಸಂಪೂರ್ಣ ನಮ್ಮದು.

ಪ್ರತಿಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ, ಎರಡು ಕಟ್ಟಡಗಳಲ್ಲಿ ಇಡಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಕಾರಿ ನೌಕರರ 858 ಟೆರಾಬೈಟ್ ಕಡತಗಳು ಸುಟ್ಟುಹೋದವು. ಅವುಗಳಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶದ ಕಥೆಯಿದು. ಪೆನ್‌ಡ್ರೈವ್‌ ಕೂಡ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದರೆ ಕೈಕೊಡಬಹುದು. ಆರು ತಿಂಗಳಿಗೊಮ್ಮೆ ಹೊಸ ಪ್ರತಿ ತುಂಬಿ, ಇಂಟರ್ನೆಟ್ ಕಡಿತಗೊಳಿಸಿ, ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಾನು ಪ್ರತಿಯೆಂದೇ ಎಣಿಸುವುದಿಲ್ಲ. ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ, ಪೆನ್‌ಡ್ರೈವ್ ಇಲ್ಲದ ಕಡೆಯಲ್ಲಿ ಇಡಬೇಕು. ಎರಡೂ ಒಬ್ಬನ ಕೈಯಲ್ಲಿರಬಾರದು. ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿಗಳನ್ನು ನಿಲ್ಲಿಸಲು ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಆದೇಶಿಸಿರುವುದನ್ನು ಬಲ್ಲ ನಮಗೆ, ಇದು ಅಪನಂಬಿಕೆಯ ಲಕ್ಷಣವೆಂದು ತೋರಬೇಕಾಗಿಲ್ಲ.

ಓಟಿಪಿಯ ವಿಷಯವನ್ನು ಹೇಳದಿದ್ದರೆ ಇದೆಲ್ಲವೂ ಅರ್ಧ ಕೆಲಸ. ಪಾಸ್‌ವರ್ಡ್ ಕೈಯಲ್ಲಿದ್ದರೂ ಸಂದೇಶ ಹೋಗುವುದು ಹಳೆಯ ಕಾರ್ಯದರ್ಶಿಯ ಸಿಮ್‌ಗೆ. ಆ ಸಂಖ್ಯೆ ಸ್ಥಗಿತಗೊಂಡರೆ 90 ದಿನಗಳ ಬಳಿಕ ಅದನ್ನು ಬೇರೊಬ್ಬ ಅಪರಿಚಿತನಿಗೆ ಕೊಡಲು ಮೊಬೈಲ್ ಕಂಪೆನಿಗೆ ಅವಕಾಶವಿದೆ. ಸಂಸ್ಥೆಯ ಹೆಸರಿನಲ್ಲೇ ಒಂದು ಸಂಖ್ಯೆಯನ್ನು ಪಡೆಯಿರಿ. ಇಮೇಲ್ ಖಾತೆಗಳು ಕೊಡುವ ಮರುಪ್ರವೇಶದ ಸಂಕೇತಗಳನ್ನು ಮುದ್ರಿಸಿ ಅದೇ ಲಕೋಟೆಗೆ ಸೇರಿಸಿ. ಸಮಿತಿ ಬದಲಾದಾಗ ಲೆಕ್ಕಪುಸ್ತಕ ಮತ್ತು ಕಪಾಟಿನ ಕೀಲಿಯ ಜೊತೆಗೆ ಇವುಗಳ ಹಸ್ತಾಂತರವೂ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಪಾಸ್‌ವರ್ಡ್‌ಗಳೂ ಬದಲಾಗಲಿ.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರ್‌ಗೆ ಇಬ್ಬರು ಬಲಿಯಾದ ಬೆನ್ನಿಗೆ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಂಡಿತ್ತು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ ಅತಿವೇಗದ ಮೊಬೈಲ್ ಇಂಟರ್ನೆಟ್ ಪೂರ್ಣವಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಇಂಟರ್ನೆಟ್ ಇಲ್ಲದಾಗ ಪಾಸ್‌ವರ್ಡ್‌ನಿಂದೇನು ಪ್ರಯೋಜನ ಎಂದು ಕೇಳುವಿರಿ. ಅದೇ ಪೆಟ್ಟಿಗೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ, ವಿಮೆಯ ವಿವರ, ಕಚೇರಿಯ ಲೆಕ್ಕದ ಫೈಲಿನ ಪಾಸ್‌ವರ್ಡ್ ಇರುತ್ತವೆ. ಲಾಗೌಟ್ ಆಗಿರುವ ಆ್ಯಪ್ ಮತ್ತೆ ಲಾಗಿನ್ ಆಗಲು ಸರ್ವರ್‌ನ ಮುಖ ನೋಡಲೇಬೇಕು. ಕಪಾಟಿನ ಪ್ರತಿಗೆ ಯಾವ ಜಿಲ್ಲಾಧಿಕಾರಿಯ ಆದೇಶವೂ ತಟ್ಟುವುದಿಲ್ಲ.

ಕೊನೆಯದಾಗಿ ಮನೆಯ ಮಾತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಯಜಮಾನರು ಗಲ್ಫ್‌ನಲ್ಲಿದ್ದಾರೆ. ಬ್ಯಾಂಕು, ಹೂಡಿಕೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಎಲ್ಲವೂ ಅವರ ಫೋನಿನಲ್ಲಿ. ಊರಿನಲ್ಲಿರುವ ಪತ್ನಿಗೆ ಅದರ ಅರಿವಿಲ್ಲ. ಅನ್ನಿಸಾ ಅಧ್ಯಾಯವು ವಾರೀಸುದಾರರ ಪಾಲನ್ನು ನಿಗದಿಪಡಿಸುವಾಗ, ವಸಿಯ್ಯತ್ ಮತ್ತು ಸಾಲ ತೀರಿದ ಬಳಿಕವೇ ಹಂಚಿಕೆ ಎಂದು ಸ್ಪಷ್ಟಪಡಿಸಿದೆ. ಸಾಲದ ವಿವರವೇ ಯಾರೂ ತೆರೆಯಲಾಗದ ಫೋನಿನಲ್ಲಿ ಹೂತುಹೋದರೆ ಮಕ್ಕಳು ತಂದೆಯ ಸಾಲವನ್ನು ತೀರಿಸುವುದಾದರೂ ಹೇಗೆ? “ಹೆಂಗಸರಿಗೆ ಇದೆಲ್ಲ ಯಾಕೆ?” ಎನ್ನುವವರು ಹಫ್ಸಾ(ರ)ರ ಸುಪರ್ದಿಯಲ್ಲಿ ಏನಿತ್ತೆಂಬುದನ್ನು ಮತ್ತೊಮ್ಮೆ ನೆನಪಿಸಿಕೊಳ್ಳಲಿ. ಪತ್ನಿಯು ಇಂದೇ ಅದನ್ನು ತೆರೆದು ನೋಡಬೇಕೆಂದಿಲ್ಲ. ಲಕೋಟೆಯ ಅಂಟಿನ ಮೇಲೆ ಇಬ್ಬರೂ ಸಹಿ ಹಾಕಲಿ. ಲಕೋಟೆ ಆಕೆಯ ಬಳಿ ಇರಲಿ, ಪೆನ್‌ಡ್ರೈವ್ ಆಕೆಯ ತಂದೆಯ ಅಥವಾ ಸಹೋದರನ ಮನೆಯಲ್ಲಿರಲಿ. ಯಜಮಾನರು ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಎರಡನ್ನೂ ಹೊಸದಾಗಿ ಸಿದ್ಧಪಡಿಸಿ, ಹಳೆಯದನ್ನು ಸುಟ್ಟುಬಿಡಲಿ.