ತಿಂಗಳ ಮಾತ್ರೆ



ಆಸ್ಪತ್ರೆ ಸೇರಿದ ಬಡವರಿಗೆ ನಮ್ಮಲ್ಲಿ ಈಗ ಒಂದಷ್ಟು ಆಸರೆ ಇದೆ. 2003ರಲ್ಲಿ ಬಂದ ಯಶಸ್ವಿನಿ, ಸಹಕಾರ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆ ಮಾಡಿಸಿತು. 2018ರ ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆಯ ವೆಚ್ಚ ಹೊರುತ್ತದೆ. ಆದರೆ ವರ್ಷಗಟ್ಟಲೆ ಮಾತ್ರೆ ನುಂಗಬೇಕಾದವರು ಆಸ್ಪತ್ರೆಯಲ್ಲಿ ಮಲಗಿರುವುದಿಲ್ಲ. ಕೂಲಿಗೆ ಹೋಗುತ್ತಿರುತ್ತಾರೆ, ಒಲೆ ಮುಂದೆ ಕೂತಿರುತ್ತಾರೆ. ಅವರ ದುಡ್ಡು ಹೋಗುವುದು ಔಷಧಿ ಅಂಗಡಿಗೆ, ಬಸ್ಸಿಗೆ, ತಪ್ಪಿದ ಕೂಲಿಗೆ. ಕೈಯಲ್ಲಿ ಕಾರ್ಡ್ ಇದ್ದರೂ ಆ ಮಟ್ಟಿಗೆ ಅವರು ವಿಮೆ ಇಲ್ಲದವರೇ. ಅಂಥವರಿಗೆ ಉಚಿತ ಕ್ಲಿನಿಕ್ ಏನು ಮಾಡಬಲ್ಲದು ಎಂಬುದನ್ನು ಒಂದೇ ಕಾಯಿಲೆ ಹಿಡಿದು ಹೇಳುತ್ತೇನೆ. ಅದು ಮೂರ್ಛೆರೋಗ. ನಮ್ಮ ಹಳ್ಳಿಗಳಲ್ಲಿ ಪಿಡ್ಸು.

ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸ ಶುರುಮಾಡಿತು. ಮನೆಮನೆಗೆ ಹೋಗಿ ಅಭ್ಯಾಸವಿದ್ದ ಆ ಕಾರ್ಯಕರ್ತರ ನೆಲದಲ್ಲೇ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಸುಮಾರು 65,000 ಜನರ ನಡುವೆ ಮೂರ್ಛೆರೋಗಿಗಳನ್ನು ಹುಡುಕಿದರು. ಸಿಕ್ಕವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯಲ್ಲಿರಲಿಲ್ಲ. ಅವರಿಗೆ ಕೊಟ್ಟದ್ದು ಹೊಸ ಔಷಧಿಯನ್ನಲ್ಲ. ಒಂದು ಫಿನೋಬಾರ್ಬಿಟೋನ್, ಇದರ ಗುಣವನ್ನು ಜರ್ಮನಿಯ ಹೌಪ್ಟ್‌ಮನ್ 1912ರಲ್ಲೇ ಗುರುತಿಸಿದ್ದ. ಇನ್ನೊಂದು ಫಿನಿಟಾಯಿನ್, ಅದೂ 1938ರಿಂದ ಬಳಕೆಯಲ್ಲಿರುವುದು. ಎರಡೂ ಅತಿ ಅಗ್ಗ. ಐದು ವರ್ಷ ಬಿಡದೆ ಹಿಂದೆ ಬಿದ್ದ ಈ ಕೆಲಸದ ಫಲ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು: ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಿಟ್ಸ್ ಹತೋಟಿಗೆ ಬಂದಿತ್ತು.

ಇಷ್ಟು ಅಗ್ಗದ ಮಾತ್ರೆ ಇಷ್ಟು ವರ್ಷ ಯಾಕೆ ತಲುಪಿರಲಿಲ್ಲ? ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ತುರುಕುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ಎರಡು ಮೂರು ನಿಮಿಷದಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ, ಕಬ್ಬಿಣಕ್ಕೆ ಹೆಸರು ಬರುತ್ತದೆ. ಮಾತ್ರೆ ಹಾಗಲ್ಲ. ಅದು ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಆರು ತಿಂಗಳು ಏನೂ ಆಗದಿದ್ದಾಗ, ಇನ್ಯಾಕೆ ಮಾತ್ರೆ ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಒಂದರ ಬೆನ್ನಿಗೊಂದು ಬಂದು ಜೀವಕ್ಕೇ ಎರವಾಗಬಹುದು.

ಆದ್ದರಿಂದಲೇ ಉಚಿತ ಶಿಬಿರಗಳ ಬಗ್ಗೆ ನನಗೆ ಬೇಸರವಿದೆ. ಶಾಮಿಯಾನ, ಉದ್ಘಾಟನೆ, ಹದಿನೈದು ದಿನದ ಮಾತ್ರೆ. ಹದಿನಾರನೆಯ ದಿನ ಆ ರೋಗಿ ಎಲ್ಲಿಗೆ ಹೋಗಬೇಕು? ನಿಮ್ಹಾನ್ಸ್ ವೈದ್ಯರು ಗೌರಿಬಿದನೂರಿನಂಥ ಊರುಗಳಲ್ಲಿ ತಿಂಗಳಿಗೊಂದು ಗೊತ್ತಾದ ದಿನ ಕ್ಲಿನಿಕ್ ನಡೆಸಿಕೊಂಡು ಬಂದದ್ದು ಈ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರ. ದಿನ ಬದಲಾಗಬಾರದು, ಮಾತ್ರೆ ಖಾಲಿಯಾಗಬಾರದು.

ಇಂಥ ಕ್ಲಿನಿಕ್ಕಿನ ಮೇಜಿನ ಬಳಿ ಒಂದು ಗಳಿಗೆ ನಿಲ್ಲಿ. ತಾಯಿ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಪಟ್ಟಿ ಇಡುತ್ತಾಳೆ. ಸಿಸ್ಟರ್ ಉಳಿದ ಮಾತ್ರೆ ಎಣಿಸುತ್ತಾರೆ. ಮುಗಿದಿರಬೇಕಾದ್ದರಲ್ಲಿ ಒಂಬತ್ತು ಉಳಿದಿವೆ. ಕೊನೆಗೆ ಫಿಟ್ಸ್ ಬಂದದ್ದು ಯಾವಾಗ ಎಂದರೆ ತಾರೀಖು ಬರುವುದಿಲ್ಲ, "ಗೌರಿ ಹಬ್ಬದ ಹಿಂದ್ಲ ಸೋಮಾರ ಕಣಮ್ಮ" ಎಂಬ ಉತ್ತರ ಬರುತ್ತದೆ. ಒಂಬತ್ತು ಯಾಕೆ ಉಳಿದವು ಎಂದು ಕೇಳಿದಾಗ ವಿಷಯ ಗೊತ್ತಾಗುತ್ತದೆ: ಹುಡುಗ ನೆಂಟರ ಮನೆಗೆ ಹೋಗಿದ್ದ, ಅವರೆದುರು ಮಾತ್ರೆ ನುಂಗಲು ನಾಚಿಕೆ. ಅಲ್ಲಿ ಬೈಗುಳವಿಲ್ಲ. ರಾತ್ರಿ ಮಲಗುವಾಗ ಒಂದೇ ಸಲ ನುಂಗಿದರೆ ಸಾಕು, ಯಾರಿಗೂ ಕಾಣುವುದಿಲ್ಲ ಎಂದು ಹೇಳಿಕೊಡುತ್ತಾರೆ. ಈ ಐದು ನಿಮಿಷದ ಮಾತಿಗೆ ಯಾವ ವಿಮಾ ಕಂಪನಿಯೂ ಬಿಲ್ ಪಾಸು ಮಾಡುವುದಿಲ್ಲ. ದೀರ್ಘಕಾಲದ ಕಾಯಿಲೆಯ ಚಿಕಿತ್ಸೆ ಬಹುಮಟ್ಟಿಗೆ ಇಂಥ ಮಾತೇ. ಬಿಪಿ, ಶುಗರ್ ರೋಗಿಗಳ ವಿಷಯದಲ್ಲೂ ಇದನ್ನೇ ಕಾಣುತ್ತೇವೆ.

ನಾಚಿಕೆಗೆ ಕಾರಣವೂ ಇತ್ತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮತ್ತೆ ಮತ್ತೆ ಬರುವ ಮೂರ್ಛೆರೋಗ ಮದುವೆಯನ್ನೇ ಅಸಿಂಧುಗೊಳಿಸಬಲ್ಲ ಕಾರಣವಾಗಿತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾಯಿದೆಯಿಂದ ಹೋದದ್ದು ಮನೆಗಳಿಂದ ಇನ್ನೂ ಹೋಗಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಅತ್ತೆಮನೆಯವರಿಗೆ ಹೆದರಿ ಮಾತ್ರೆ ಬಿಡುತ್ತಾರೆ. ಬಚ್ಚಲೊಲೆಯ ಮುಂದೆ ಫಿಟ್ಸ್ ಬಂದು ಸುಟ್ಟುಕೊಳ್ಳುತ್ತಾರೆ. ಸುಟ್ಟ ಗಾಯಕ್ಕೆ ಆಸ್ಪತ್ರೆ ಸೇರಿದಾಗ ಮಾತ್ರ ಅವರಿಗೆ ವಿಮೆ ಸಿಗುತ್ತದೆ!

ದತ್ತಿ ಇಡುವವರೂ ಸರ್ಕಾರವನ್ನು ಕೇಳುವವರೂ ಈ ಸಭೆಯಲ್ಲಿದ್ದೀರಿ. ನನ್ನ ಕೋರಿಕೆ ಮೂರು ಸಾಲಿನದು. ಶಿಬಿರಕ್ಕೆ ಕೊಡುವ ಹಣವನ್ನು ಒಂದು ತಾಲ್ಲೂಕಿನ ವರ್ಷವಿಡೀ ಮಾತ್ರೆಗೆ ಕೊಡಿ. ಗೊತ್ತಾದ ದಿನ ಬಾರದವರ ಮನೆಗೆ ಆ ವಾರವೇ ಹೋಗಿಬರಲು ಆಶಾ ಕಾರ್ಯಕರ್ತೆಗೆ ಬಸ್ ಖರ್ಚು ಕೊಡಿ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದ ಹೆಣ್ಣುಮಗಳ ಚೀಟಿಯನ್ನು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವೂ ಮರುಪ್ರಶ್ನೆಯಿಲ್ಲದೆ ಒಪ್ಪಿ, ಅವಳೊಬ್ಬಳ ಕೈಗೇ ತಿಂಗಳ ಮಾತ್ರೆ ಕೊಡುವಂತೆ ಮಾಡಿ.