ಲಸಿಕೆ ಹಾಕುವವರು ಮೊದಲು ಲಸಿಕೆ ಪಡೆಯಲಿ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ, ಕಾರುಣ್ಯ ವರ್ಷಿಸಲಿ.



ಅಲ್ಲಾಹನ ಅನುಗ್ರಹದಿಂದ ಇಂದು ನಮ್ಮ ಜಮಾಅತ್‌ನ ಗಂಡು-ಹೆಣ್ಣು ಮಕ್ಕಳು ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸುಗಳನ್ನು ಓದುತ್ತಿದ್ದಾರೆ. ನಮ್ಮ ಸಹೋದರಿಯರು ಆಶಾ ಕಾರ್ಯಕರ್ತೆಯರಾಗಿ ಮನೆಮನೆಗೆ ಹೋಗುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಅವರಲ್ಲೂ ಅವರ ಹೆತ್ತವರಲ್ಲೂ ನಾವು ಒಂದು ಪ್ರಶ್ನೆ ಕೇಳಬೇಕಾಗಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ತಾವು ಪಡೆಯಬೇಕಾದ ಲಸಿಕೆಗಳನ್ನು ಪೂರ್ತಿ ಪಡೆದಿದ್ದಾರೆಯೇ?

ಓದಿದವರಿಗೆ ಲಸಿಕೆಯ ಬಗ್ಗೆ ಸಂಶಯವಿರದು ಎಂದು ನಾವು ಭಾವಿಸುತ್ತೇವೆ. ಹಾಗೇನೂ ಇಲ್ಲ. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಕೊರೊನಾ ಲಸಿಕೆ ಶುರುವಾದಾಗ ಮೊದಲ ಸರದಿ ಆರೋಗ್ಯ ಸಿಬ್ಬಂದಿಯದ್ದಾಗಿತ್ತು. ಆದರೆ ಹೆಸರು ನೋಂದಾಯಿಸಿದವರಲ್ಲೇ ಅನೇಕರು ಆರಂಭದ ದಿನಗಳಲ್ಲಿ ಬರಲಿಲ್ಲ. ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಆದ್ದರಿಂದ ದೆಹಲಿಯ ದೊಡ್ಡ ಸರಕಾರಿ ಆಸ್ಪತ್ರೆಯೊಂದರ ಕಿರಿಯ ವೈದ್ಯರು ತಮಗೆ ಇನ್ನೊಂದು ಲಸಿಕೆ ಕೊಡಿ ಎಂದು ಪತ್ರ ಬರೆದರು.

ಪ್ರಶ್ನೆ ಕೇಳುವುದು ತಪ್ಪಲ್ಲ. ಸುದ್ದಿ ಬಂದಾಗ ಪರಿಶೀಲಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಆ ವೈದ್ಯರ ಪ್ರಶ್ನೆಗೆ ಉತ್ತರವೂ ಬಂತು. ರೋಗಲಕ್ಷಣವಿರುವ ಕೊರೊನಾದಿಂದ ಶೇ. 77.8ರಷ್ಟು ರಕ್ಷಣೆ ಸಿಗುತ್ತದೆಂಬ ಮೂರನೇ ಹಂತದ ಫಲಿತಾಂಶ 2021ರ ಜುಲೈಯಲ್ಲಿ ಹೊರಬಿತ್ತು. ಉತ್ತರಕ್ಕಾಗಿ ಕೇಳುವ ಪ್ರಶ್ನೆ ಜ್ಞಾನದ ದಾರಿ. ಉತ್ತರ ಬಂದ ಮೇಲೂ ಅದೇ ಮಾತನ್ನು ಹರಡುತ್ತಿದ್ದರೆ ಅದು ವದಂತಿ.

ಆರೋಗ್ಯ ಸಿಬ್ಬಂದಿಯ ಹಿಂಜರಿಕೆ ಅವರೊಬ್ಬರಲ್ಲೇ ನಿಲ್ಲುವುದಿಲ್ಲ. ಅವರ ಮನಸ್ಸಿನಲ್ಲಿರುವ ಪರೀಕ್ಷೆಯ ಹಂತ, ಅಂಕಿಅಂಶ ಯಾವುದೂ ನೆರೆಮನೆಗೆ ತಲುಪದು. ‘ನರ್ಸೇ ಹಾಕಿಸಿಕೊಂಡಿಲ್ಲವಂತೆ’ ಎಂಬ ಒಂದೇ ಮಾತು ತಲುಪುತ್ತದೆ. ಅದನ್ನು ಕೇಳಿದ ತಾಯಿ ತನ್ನ ಮಗುವಿನ ದಡಾರ ಲಸಿಕೆಯನ್ನೂ ತಪ್ಪಿಸುತ್ತಾಳೆ. ಜನರು ಯಾರ ಮಾತನ್ನು ನಂಬುತ್ತಾರೋ ಅವರ ಮೇಲೆ ಆ ನಂಬಿಕೆಯ ಅಮಾನತ್ತು ಇದೆ.

ಇನ್ನು ಹಲವರಲ್ಲಿರುವುದು ಸಂಶಯವೂ ಅಲ್ಲ, ಬರೀ ಉದಾಸೀನ. ಹೆಪಟೈಟಿಸ್ ಬಿ ಲಸಿಕೆಯನ್ನೇ ನೋಡಿ. ಇದು ಯಕೃತ್ತಿಗೆ ತಗಲುವ ರೋಗ. ಶರೀರದಲ್ಲಿ ಉಳಿದುಬಿಟ್ಟರೆ ಮುಂದೆ ಯಕೃತ್ತಿನ ಕ್ಯಾನ್ಸರ್‌ಗೂ ಕಾರಣವಾಗಬಹುದು. ಲಸಿಕೆ ಪಡೆಯದವರಿಗೆ ಈ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ, ರೋಗ ತಗಲುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಇದೆ. ಎಚ್‌ಐವಿಯಲ್ಲಿ ಅದು ಸಾವಿರಕ್ಕೆ ಸುಮಾರು ಮೂರು. ಎಚ್‌ಐವಿ ಎಂದರೆ ಬೆಚ್ಚಿಬೀಳುವ ನಮ್ಮ ಮಕ್ಕಳು ಹೆಪಟೈಟಿಸ್ ಬಿ ಬಗ್ಗೆ ನಿಶ್ಚಿಂತರಾಗಿರುವುದು ವಿಪರ್ಯಾಸ.

ಈ ಲಸಿಕೆಗೆ ಮೂರು ಡೋಸ್. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕಾಲೇಜಿನಲ್ಲಿ ಮೊದಲ ಡೋಸ್ ಪಡೆದು ಪರೀಕ್ಷೆ, ರಜೆ ಎಂದು ಉಳಿದವನ್ನು ಮರೆಯುವವರಿದ್ದಾರೆ. ಮೂರನೆಯದು ಮುಗಿದು ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿದರೆ ರಕ್ಷಣೆ ಸಿಕ್ಕಿದೆಯೇ ಎಂಬುದೂ ತಿಳಿಯುತ್ತದೆ. ಸರಕಾರಿ ಕಾರ್ಯಕ್ರಮದಲ್ಲಿ ಈ ಲಸಿಕೆ ದೇಶದಾದ್ಯಂತ ಬಂದದ್ದು 2011ರಲ್ಲಿ. ಅದಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ‘ಚಿಕ್ಕಂದಿನಲ್ಲೇ ಆಗಿದೆ’ ಎಂದುಕೊಂಡು ಸುಮ್ಮನಿರಬೇಡಿ, ಕಾರ್ಡ್ ತೆಗೆದು ನೋಡಿ.

‘ನಾನು ಗಟ್ಟಿಯಾಗಿದ್ದೇನೆ, ನನಗೇನೂ ಆಗದು’ ಎನ್ನುವ ಯುವಕರೇ, ವಾರ್ಡಿನಲ್ಲಿರುವವರು ಗಟ್ಟಿಯಾಗಿಲ್ಲ. ದಡಾರ ತಗಲಿದವರು ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮುಂಚಿನಿಂದಲೇ ರೋಗ ಹರಡುತ್ತಾರೆ. ಮಗುವಿಗೆ ದಡಾರದ ಮೊದಲ ಲಸಿಕೆ ಸಿಗುವುದು ಒಂಬತ್ತು ತಿಂಗಳಿಗೆ. ಅದಕ್ಕಿಂತ ಚಿಕ್ಕ ಕೂಸಿಗೆ ಸುತ್ತಲಿನವರ ಲಸಿಕೆಯೇ ರಕ್ಷಣೆ. ಇತರರಿಗೆ ಹಾನಿ ಮಾಡಬಾರದೆಂಬುದು ನಮ್ಮ ಶರೀಅತ್‌ನ ಮೂಲ ನಿಯಮಗಳಲ್ಲೊಂದು.

ಲಸಿಕೆ ಪಡೆದರೆ ತವಕ್ಕುಲ್‌ಗೆ ಧಕ್ಕೆಯೇ? ಶಾಮ್‌ನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಹ. ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಎಚ್ಚರವೂ ವಿಧಿಯ ಒಳಗೇ ಇದೆ.

ಹಲಾಲ್-ಹರಾಮ್ ವಿಷಯ ಕೇಳುವವರಿಗೂ ಉತ್ತರವಿದೆ. ಹೆಪಟೈಟಿಸ್ ಬಿ ಲಸಿಕೆ ಯೀಸ್ಟ್‌ನ ಸಹಾಯದಿಂದ ತಯಾರಾಗುತ್ತದೆ. ಹಜ್ಜ್‌ಗೆ ಹೊರಟ ಪ್ರತಿಯೊಬ್ಬರೂ ಮೆನಿಂಜೈಟಿಸ್ ಲಸಿಕೆ ಪಡೆದೇ ಹೋಗುತ್ತಾರೆ. ಅಲ್ಲಾಹನ ಅತಿಥಿಗಳಿಗೆ ಯೋಗ್ಯವಾದ ಎಚ್ಚರಿಕೆ ಅವನ ರೋಗಿಗಳ ಸೇವೆ ಮಾಡುವವರಿಗೂ ಯೋಗ್ಯವೇ.

ಲಸಿಕೆಯಿಂದ ತೋಳು ನೋಯಬಹುದು, ಒಂದೆರಡು ದಿನ ಜ್ವರ ಬರಬಹುದು. ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುವುದುಂಟು. ಅದನ್ನು ಮುಚ್ಚಿಡಬಾರದು. ಹಿಂದೆ ಅಲರ್ಜಿ ಆದವರು ವೈದ್ಯರಿಗೆ ಮೊದಲೇ ತಿಳಿಸಲಿ. ಸಂಶಯವಿದ್ದರೆ ನಿಮ್ಮ ಪ್ರೊಫೆಸರರಲ್ಲಿ ಕೇಳಿ, ವಾಟ್ಸಾಪ್ ಗ್ರೂಪಿನಲ್ಲಿ ಅಲ್ಲ.

ಹೆತ್ತವರೇ, ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳುವಂತೆ ಮೂರನೇ ಡೋಸ್ ಆಯಿತೇ ಎಂದೂ ಕೇಳಿ. ಖರ್ಚಿಗೆ ಕಷ್ಟವಿರುವ ವಿದ್ಯಾರ್ಥಿಗಳಿಗೆ ಜಮಾಅತ್ ಕಮಿಟಿ ನೆರವಾಗಲಿ. ಆರೋಗ್ಯ ಕ್ಷೇತ್ರದ ಸಹೋದರ ಸಹೋದರಿಯರೇ, ನೆರೆಯವರು ಕೇಳಿದರೆ ‘ನಾನು ಹಾಕಿಸಿಕೊಂಡಿದ್ದೇನೆ’ ಎಂದು ಧೈರ್ಯವಾಗಿ ಹೇಳುವಂತಿರಿ. ನೂರು ಭಾಷಣಗಳಿಗಿಂತ ಆ ಮಾತಿಗೆ ಬೆಲೆ ಹೆಚ್ಚು.

ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ. ಅವರ ಸೇವೆಯಲ್ಲಿರುವವರನ್ನು ಕಾಪಾಡಲಿ, ಅವರ ಶ್ರಮವನ್ನು ಸ್ವೀಕರಿಸಲಿ. ಆಮೀನ್.